ಕಾರ್ಬೊರೇಟರಿನ ಮುರಿದ ಕಿವಿ

ಆ ಕಾರ್ಬೊರೇಟರ್ ನನ್ನ ಮೇಜಿಗೆ ಬಂದದ್ದು ಒಂದು ಸ್ಟೀಲ್ ಡಬ್ಬಿಯಲ್ಲಿ. ಮನೆಯಲ್ಲಿ ಚಕ್ಕುಲಿ ತುಂಬಿಡುತ್ತೇವಲ್ಲ, ಅಂಥ ಡಬ್ಬಿ. ಒಳಗೆ ಹಳೆಯ ಹತ್ತಿ ಸೀರೆಯ ತುಂಡು, ಆ ತುಂಡಿನೊಳಗೆ ಕಪ್ಪುಗಟ್ಟಿದ ಲೋಹದ ಮುದ್ದೆ. ತಂದವರು ಮಾಕಳಿ ಹತ್ತಿರದ ಹಳ್ಳಿಯ ಹೆಂಗಸು. ವಯಸ್ಸು ಎಪ್ಪತ್ತರ ಆಸುಪಾಸು. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಬ್ಬಿಣದ ಚೂರುಗಳು ಬಿದ್ದಿದ್ದ ನೆಲದ ಮೇಲೆ ಬರಿಗಾಲಲ್ಲಿ ಬರತೊಡಗಿದಾಗ ನಾನೇ ಕೂಗಿದೆ.

“ಅಮ್ಮ, ಚಪ್ಪಲಿ ಹಾಕ್ಕೊಂಡ್ ಬನ್ನಿ. ಕಾಲಿಗೆ ಚುಚ್ಕೊಳುತ್ತೆ.”

“ಕೆಲ್ಸ ಮಾಡೋ ಜಾಗಕ್ಕೆ ಚಪ್ಪಲಿ ಆಕ್ಕೊಂಡ್ ಬರಕಾಯ್ತದಾ?” ಎಂದರು. ಆದರೂ ಹಿಂದಿರುಗಿ ಹೋಗಿ ಹಾಕಿಕೊಂಡು ಬಂದರು.

ನಾನು ಇಪ್ಪತ್ತೇಳು ವರ್ಷ ಸರ್ಕಾರಿ ಗಡಿಯಾರ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುವ ವಿಭಾಗದಲ್ಲಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಪೀಣ್ಯದ ಎರಡನೇ ಹಂತದಲ್ಲಿ, ಮೂರು ಲೇತ್ ಯಂತ್ರಗಳಿರುವ ಒಂದು ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದೇನೆ. ಸುತ್ತಲಿನ ಕಾರ್ಖಾನೆಗಳಲ್ಲಿ ಅಳತೆಗೆ ಬಳಸುವ ಡಯಲ್ ಗೇಜುಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಒಮ್ಮೆ ಯಾರೋ ಹಳೆಯ ಸ್ಕೂಟರಿನ ಕಾರ್ಬೊರೇಟರ್ ತಂದುಕೊಟ್ಟರು. ಬಿಚ್ಚಿ ನೋಡಿದರೆ ಅದೂ ಗಡಿಯಾರದ ಹಾಗೆಯೇ: ಕೂದಲೆಳೆಯಂಥ ರಂಧ್ರಗಳು, ಸಣ್ಣ ಸ್ಕ್ರೂಗಳು, ಒಂದು ಕೂದಲಷ್ಟು ಆಚೀಚೆಯಾದರೂ ಹಟ ಹಿಡಿಯುವ ಸ್ವಭಾವ. ಸರಿ ಮಾಡಿಕೊಟ್ಟೆ. ಅಲ್ಲಿಂದ ಬಾಯಿಂದ ಬಾಯಿಗೆ ಹೋಗಿ ಹಳೆಯ ಕಾರುಗಳವರೂ ಬರತೊಡಗಿದರು.

ಆದರೆ ಈ ಹೆಂಗಸು ಅಂಥವರ ಪೈಕಿಯಲ್ಲ. ಹಳೆಯ ಕಾರು ಇಟ್ಟುಕೊಂಡವರೆಲ್ಲ ನನ್ನ ಬಳಿ ಬಂದು ಮೊದಲು ಕಾರಿನ ಫೋಟೋ ತೋರಿಸುತ್ತಾರೆ. ಇವರು ತೋರಿಸಲಿಲ್ಲ.

“ಗುರುವಾರ ಆರ್‌ಟಿಒಗೆ ತಗಂಡೋಗ್ಬೇಕು. ಆರ್‌ಸಿ ಹೊಸದು ಮಾಡುಸ್ಬೇಕು. ಗಾಡಿ ತಾನಾಗೇ ಓಡ್ಕಂಡ್ ಬಂದು ನಿಂತ್ಕಬೇಕಂತೆ, ಎಳ್ಕಂಡ್ ಬಂದ್ರೆ ಆಗಕಿಲ್ವಂತೆ.”

ಅಂದು ಶುಕ್ರವಾರ. ಆರು ದಿನ.

“ಆಗ್ಲಿಲ್ಲ ಅಂದ್ರೆ?” ಎಂದು ಕೇಳಿದೆ.

“ಆಗ್ಲಿಲ್ಲ ಅಂದ್ರೆ ನನ್ ದೊಡ್ ಮಗ ಇಂಜಿನ್ ಬಿಚ್ಚಿ ಎಸೀತಾನೆ. ಮೈನ್ ರೋಡಲ್ಲಿ ಪಾರ್ಟಿ ಹಾಲ್ ಕಟ್ಸವ್ನೆ. ಅದ್ರ ಮುಂದೆ ಬಣ್ಣ ಬಳ್ದು ನಿಲ್ಲುಸ್ತಾನಂತೆ, ಬಂದೋರು ಪಕ್ಕದಲ್ಲಿ ನಿಂತ್ಕಂಡು ಫೋಟೋ ಇಡುಸ್ಕಳಕ್ಕೆ.” ಡಬ್ಬಿಯನ್ನು ನನ್ನ ಕಡೆ ತಳ್ಳಿ, “ನನ್ ಗಾಡಿ ಅದು. ನಾನೇ ಓಡ್ಸದು,” ಎಂದರು.

ಐವತ್ತರ ದಶಕದ ಸಣ್ಣ ಕಾರು. ಯಾವುದೋ ಕಾರ್ಖಾನೆಯ ಅಧಿಕಾರಿಯೊಬ್ಬರು ಊರು ಬಿಡುವಾಗ ಇವರ ಗಂಡ ಕೊಂಡದ್ದು. ಗಂಡನಿಗೆ ಸ್ಟೀರಿಂಗ್ ಹಿಡಿದರೆ ಕೈ ಬೆವರುತ್ತಿತ್ತಂತೆ. ಇವರು ಹೊಲದ ಕಣದಲ್ಲಿ ಸುತ್ತು ಹಾಕಿ ಹಾಕಿ ಕಲಿತರು. ಆಮೇಲೆ ಎಷ್ಟೋ ವರ್ಷ ಹಳ್ಳಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಇವರ ಮನೆಯ ಬಾಗಿಲನ್ನೇ ತಟ್ಟುತ್ತಿದ್ದರಂತೆ. ಇಷ್ಟನ್ನು ಅವರು ಹೇಳಿದ್ದು ಹೆಮ್ಮೆಯಿಂದಲ್ಲ, ಆ ಕಾರು ಯಾಕೆ ಓಡಬೇಕು ಎಂಬುದಕ್ಕೆ ಸಾಕ್ಷಿ ಹೇಳುವವರ ಹಾಗೆ.

ಡಬ್ಬಿಯಿಂದ ಅದನ್ನು ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟು ನೋಡಿದೆ. ಸತುವಿನ ಮಿಶ್ರಲೋಹ. ಎಪ್ಪತ್ತು ವರ್ಷ ಹಳೆಯದಾದರೆ ಈ ಲೋಹ ರಸ್ಕಿನಂತೆ ಆಗಿಬಿಡುತ್ತದೆ; ಬಾಗುವುದಿಲ್ಲ, ಮುರಿಯುತ್ತದೆ. ಬೆಸುಗೆ ಹಾಕಲು ಹೋದರೆ ಅಂಟಿಕೊಳ್ಳುವ ಮೊದಲೇ ಕರಗಿ ಕೆಳಗೆ ಬೀಳುತ್ತದೆ. ಯಾರೋ ಹಿಂದೆ ಕೈಹಾಕಿದವರು ಪೆಟ್ರೋಲ್ ತುಂಬುವ ಬಟ್ಟಲಿಗೂ ಅದರ ಮುಚ್ಚಳಕ್ಕೂ ನಡುವೆ ಕಪ್ಪು ಅಂಟು ಮೆತ್ತಿದ್ದರು. ಬಟ್ಟಲಿನ ತಳದಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಸ್ಕ್ರೂ, ಜೆಟ್, ಜಾಮ್ ಆಗಿತ್ತು. ಒಳಗೆ ತೇಲಬೇಕಾದ ಹಿತ್ತಾಳೆಯ ಫ್ಲೋಟ್ ಅಲುಗಾಡಿಸಿದರೆ ಗುಳುಗುಳು ಎನ್ನುತ್ತಿತ್ತು. ಎಲ್ಲೋ ತೂತಾಗಿ ಪೆಟ್ರೋಲ್ ಒಳಗೆ ಸೇರಿತ್ತು.

“ಮಾಡ್ತೀನಿ ಅಮ್ಮ,” ಎಂದೆ. “ಆದ್ರೆ ಇದಕ್ಕೆ ಬದಲಿ ಎಲ್ಲೂ ಸಿಗಲ್ಲ. ಒಂದೇ ಒಂದು. ಅದು ತಲೇಲಿರ್ಲಿ.”

“ನನ್ ತಲೇಲೈತೆ. ನಿನ್ ತಲೇಲಿರ್ಲಿ,” ಎಂದು ಹೊರಟರು.

ಶನಿವಾರವೂ ಭಾನುವಾರವೂ ಜೆಟ್ಟಿನ ಹಿಂದೆಯೇ ಹೋದವು. ಬಟ್ಟಲನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಬಿಸಿನೀರಿಗೆ ಹಾಕಿ ತೆಗೆದು, ಮತ್ತೆ ನೆನೆಸಿ. ಜೆಟ್ಟಿನ ತಲೆಯ ಗೀರನ್ನು ಯಾರೋ ತಪ್ಪು ಅಳತೆಯ ಸ್ಕ್ರೂ ಡ್ರೈವರ್ ಹಾಕಿ ಕೆಡಿಸಿದ್ದರು. ಆ ಗೀರಿಗೆ ಸರಿಯಾಗಿ ಕೂರುವಂತೆ ಒಂದು ಹಳೆಯ ಸ್ಕ್ರೂ ಡ್ರೈವರಿನ ತುದಿಯನ್ನು ಉಜ್ಜಿ ಉಜ್ಜಿ ತಯಾರು ಮಾಡಿದೆ. ಭಾನುವಾರ ಮಧ್ಯಾಹ್ನ ಒಂದು ಕೂದಲಷ್ಟು ತಿರುಗಿತು. ಇನ್ನು ಬಲ ಹಾಕಿದರೆ ಮುರಿದೀತೆಂದು ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದೆ. ಮತ್ತೆ ಎಣ್ಣೆ, ಮತ್ತೆ ಕೂದಲಷ್ಟು. ಜೆಟ್ ಹೊರಗೆ ಬಂದಾಗ ನನ್ನ ರವಿಕೆಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಸೋಮವಾರ ಬೆಳಿಗ್ಗೆ ಫ್ಲೋಟಿನ ತೂತು ಹುಡುಕಿದೆ. ಬಿಸಿನೀರಲ್ಲಿ ಮುಳುಗಿಸಿದಾಗ ಅಂಚಿನಿಂದ ಒಂದೊಂದೇ ಗುಳ್ಳೆ ಬಂತು. ಒಳಗಿನ ಪೆಟ್ರೋಲನ್ನೆಲ್ಲ ಆರಿಸಿ ತೆಗೆದು, ಸಾಸಿವೆಕಾಳಿನಷ್ಟು ಸೀಸ ಇಟ್ಟು ಮುಚ್ಚಿದೆ. ಎಲ್ಲವೂ ನಾನು ಅಂದುಕೊಂಡ ಹಾದಿಯಲ್ಲೇ ಸಾಗುತ್ತಿತ್ತು. ಆ ಸಮಾಧಾನವೇ ನನ್ನನ್ನು ಕೆಡಿಸಿತು.

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ವರ್ಷದಿಂದ ನೋವಿದೆ. ಬೆಳಿಗ್ಗೆ ಏನೂ ಗೊತ್ತಾಗುವುದಿಲ್ಲ. ಸಂಜೆಯ ಹೊತ್ತಿಗೆ ಬೆರಳು ಸಣ್ಣಗೆ ನಡುಗುತ್ತದೆ. ಅದಕ್ಕೇ ಸೂಕ್ಷ್ಮ ಕೆಲಸವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸುವುದೆಂದು ನಿಯಮ ಮಾಡಿಕೊಂಡಿದ್ದೇನೆ. ಸೋಮವಾರ ಆ ನಿಯಮ ಮುರಿದೆ. ಮುಚ್ಚಳದ ಅಂಚಿಗೆ ಹತ್ತಿಕೊಂಡಿದ್ದ ಕಪ್ಪು ಅಂಟನ್ನು ಬಿಡಿಸುವುದೊಂದು ಬಾಕಿಯಿತ್ತು. ಆ ಮುಚ್ಚಳಕ್ಕೆ ನಾಲ್ಕು ಕಿವಿಗಳು. ಒಂದೊಂದು ಕಿವಿಯ ತೂತಿನಲ್ಲಿ ಒಂದೊಂದು ಸ್ಕ್ರೂ ಇಳಿದು ಬಟ್ಟಲಿಗೆ ಮುಚ್ಚಳವನ್ನು ಬಿಗಿ ಹಿಡಿಯಬೇಕು. ಒಂದು ಕಿವಿಯ ಕೆಳಗೆ ಸೋರದಂತೆ ನಡುವೆ ಹಾಕುವ ಗ್ಯಾಸ್ಕೆಟ್ ಹಾಳೆಯ ಹಳೆಯ ಚೂರು ಅಂಟಿನೊಂದಿಗೆ ಕಲ್ಲಾಗಿ ಕೂತಿತ್ತು. ಮತ್ತೊಂದು ಸಲ ಬಿಸಿನೀರಿಗೆ ಹಾಕಿ ಕಾಯಬೇಕಿತ್ತು. ಐದೂವರೆ ಆಗಿತ್ತು, ಬಸ್ಸಿನ ಯೋಚನೆ. ಸ್ಕ್ರೂ ಡ್ರೈವರಿನ ತುದಿಯನ್ನು ಸಂದಿಗೆ ತೂರಿಸಿ ಸ್ವಲ್ಪ ಮೀಟಿದೆ.

ಟಕ್ ಎಂದಿತು.

ಬಹಳ ಸಣ್ಣ ಸದ್ದು. ಪಕ್ಕದಲ್ಲಿ ಲೇತ್ ಓಡುತ್ತಿದ್ದರೂ ನನಗೆ ಕೇಳಿಸಿತು. ಕಿವಿ ಬುಡಸಮೇತ ಮುರಿದು ಬಟ್ಟೆಯ ಮೇಲೆ ಬಿದ್ದಿತ್ತು. ಮುರಿದ ಜಾಗ ಒಳಗೆಲ್ಲ ಬೂದು ಬಣ್ಣದ ಸಕ್ಕರೆಯ ಹರಳಿನಂತೆ ಕಾಣುತ್ತಿತ್ತು. ಮೂರೇ ಸ್ಕ್ರೂ ಮೇಲೆ ಆ ಮುಚ್ಚಳ ಕೂರುವುದಿಲ್ಲ. ಆ ಮೂಲೆಯಿಂದ ಪೆಟ್ರೋಲ್ ಜಿನುಗಿ ಕೆಳಗಿನ ಕಾದ ಹೊಗೆಕೊಳವೆಯ ಮೇಲೆ ಬೀಳುತ್ತದೆ. ಬಿದ್ದರೆ ಬೆಂಕಿ.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಅವರೇ.

“ಎಂಗೈತೆ?”

“ಚೆನ್ನಾಗಿ ನಡೀತಿದೆ ಅಮ್ಮ. ಜೆಟ್ ಬಂತು. ಫ್ಲೋಟ್ ಆಯ್ತು.”

“ಎಲ್ಲಾ ಸರೀಗೈತಾ?”

“ಎಲ್ಲಾ ಸರಿ ಇದೆ.”

ಫೋನಿಟ್ಟ ಮೇಲೆ ಮುಚ್ಚಳವನ್ನೂ ಮುರಿದ ಕಿವಿಯನ್ನೂ ಕಾಗದದಲ್ಲಿ ಸುತ್ತಿ ಟಿಫನ್ ಬ್ಯಾಗಿನೊಳಗೆ ತುರುಕಿದೆ. ಲೇತ್ ನಡೆಸುವ ಶೆಡ್ಡಿನ ಯಜಮಾನರು ಕೈ ಒರೆಸಿಕೊಳ್ಳುತ್ತ ಬಂದು, “ಏನಕ್ಕ, ಮುಖ ಹಿಂಗಾಗಿದೆ?” ಎಂದರು. ತಲೆನೋವು ಎಂದೆ. ಒಂದೇ ಕಾಲು ಗಂಟೆಯಲ್ಲಿ ಎರಡು ಸುಳ್ಳು.

ಕಾರ್ಖಾನೆಯಲ್ಲಿ ಪ್ರತಿ ಮೇಜಿನ ಮೇಲೂ ಒಂದು ಕೆಂಪು ತಟ್ಟೆ ಇರುತ್ತಿತ್ತು. ಕೈಯಲ್ಲಿ ಕೆಟ್ಟ ಭಾಗವನ್ನು ಅದರೊಳಗೆ ಹಾಕಬೇಕು. ಹಾಕಿದವರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಜೇಬಿಗೆ ಹಾಕಿಕೊಂಡವರಿಗೆ ಮಾತ್ರ ಮೆಮೊ. ನಾನು ಸೇರಿದ ಮೊದಲ ವಾರವೇ ಸೂಪರ್‌ವೈಸರ್ ಮೇಡಂ ಹೇಳಿಕೊಟ್ಟ ಪಾಠ ಇದು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ನಾನು ಜೇಬಿಗೆ ಹಾಕಿಕೊಂಡಿರಲಿಲ್ಲ. ಬಸ್ಸಿನಲ್ಲಿ ಟಿಫನ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅದರ ತೂಕ ಹೆಚ್ಚಿದ ಹಾಗನಿಸುತ್ತಿತ್ತು. ರಾತ್ರಿಯೆಲ್ಲ ನಿದ್ದೆ ಬಂದೂ ಬಾರದ ಹಾಗೆ ಹೊರಳಾಡಿದೆ. ಬೆಳಗಾಗುವ ಹೊತ್ತಿಗೆ ಯೋಚನೆ ಒಂದೇ ಕಡೆ ಬಂದು ನಿಂತಿತ್ತು: ಅವರಿಗೆ ಗೊತ್ತಾಗುವ ಮೊದಲು ಹೇಗಾದರೂ ಸರಿಮಾಡಿಬಿಡಬೇಕು.

ಮಂಗಳವಾರ ಎಂಟೂವರೆಗೆ ಶೆಡ್ಡಿಗೆ ಬಂದರೆ ಅವರು ಬಾಗಿಲಲ್ಲಿ ಕೂತಿದ್ದರು. ಒಬ್ಬರೇ. ಚಪ್ಪಲಿ ಕಾಲಲ್ಲೇ ಇತ್ತು.

“ಬಸ್ಸಿಗ್ ಬಂದೆ,” ಎಂದರು. “ಎಲ್ಲಾ ಸರೀಗೈತೆ ಅಂದ್ಯಲ್ಲ. ತೋರ್ಸು.”

ಮೇಜಿನ ಹತ್ತಿರ ಹೋಗಿ ಮೊದಲು ಜೆಟ್ ತೋರಿಸಿದೆ. ಆಮೇಲೆ ಫ್ಲೋಟ್. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದ್ರ ಮುಚ್ಚಳ?”

ಹೇಳಲು ಬೇರೆ ಏನಾದರೂ ಸಿಗುತ್ತದೇನೋ ಎಂದು ಒಂದು ಕ್ಷಣ ಹುಡುಕಿದೆ ಎಂಬುದನ್ನು ಬರೆಯದಿದ್ದರೆ ಇದೆಲ್ಲ ಬರೆದೂ ಪ್ರಯೋಜನವಿಲ್ಲ. ಮನೆಯಲ್ಲಿ ಬಿಟ್ಟು ಬಂದೆ ಅನ್ನಬಹುದಿತ್ತು. ಲೇತ್ ಯಜಮಾನರು ಯಂತ್ರ ಆನ್ ಮಾಡದೆ ನಮ್ಮ ಕಡೆಯೇ ನೋಡುತ್ತಿದ್ದರು. ಟಿಫನ್ ಬ್ಯಾಗ್ ತೆರೆದು ಕಾಗದದ ಪೊಟ್ಟಣ ಬಿಚ್ಚಿ ಬಟ್ಟೆಯ ಮೇಲಿಟ್ಟೆ.

“ನಾನೇ ಮುರಿದೆ ಅಮ್ಮ. ನಿನ್ನೆ ಸಾಯಂಕಾಲ. ನೀವು ಫೋನ್ ಮಾಡೋಕೆ ಮುಂಚೆ.”

ಅವರು ಕಿವಿಯ ತುಂಡನ್ನು ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆಮೇಲೆ ಲೇತ್ ಯಜಮಾನರ ಕಡೆ ತಿರುಗಿ, “ಅಪ್ಪಾ, ಒಂದು ಸ್ಟೂಲ್ ಕೊಡು,” ಎಂದರು. ಸ್ಟೂಲ್ ಬಂತು. ನನ್ನ ಮೇಜಿನ ಎದುರಿಗೆ ಹಾಕಿಕೊಂಡು ಕೂತರು.

“ಇನ್ನೆರಡ್ ದಿನ ಐತೆ. ಎಂಗ್ ಮಾಡ್ತೀಯ ಮಾಡು. ನಾನಿಲ್ಲೇ ಕುಂತಿರ್ತೀನಿ.”

“ಮುಚ್ಚಳಾನೇ ಹೊಸದಾಗಿ ಅಲ್ಯೂಮಿನಿಯಮ್ಮಲ್ಲಿ ಮಾಡಬಹುದು ಅಕ್ಕ,” ಎಂದು ಯಜಮಾನರು ಮುಂದೆ ಬಂದರು. “ಆದ್ರೆ ಒಳಗಡೆ ದಾರಿಗಳೆಲ್ಲ ಕೊರೀಬೇಕು. ಒಂದು ವಾರನಾದ್ರೂ ಬೇಕು.”

“ಅಷ್ಟು ದಿನ ಇಲ್ಲ,” ಎಂದೆ. “ಕಿವಿ ಮಾತ್ರ ಮಾಡೋಣ. ಹಿತ್ತಾಳೇಲಿ.”

ಬೆಸುಗೆ ಆಗದು, ಅಂಟು ಪೆಟ್ರೋಲಿಗೆ ನಿಲ್ಲದು. ಉಳಿದದ್ದು ಒಂದೇ ದಾರಿ. ಮುರಿದ ಜಾಗವನ್ನು ಸಮ ಮಾಡಿ, ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ತೋಡು ಕೊರೆಯುವುದು; ಆ ತೋಡಿನೊಳಗೆ ಹಿತ್ತಾಳೆಯ ಹೊಸ ಕಿವಿಯ ಬುಡ ಬಿಗಿಯಾಗಿ ಕೂರಬೇಕು; ಅದು ಜಾರದಂತೆ ಎರಡು ಸಣ್ಣ ಸ್ಕ್ರೂ. ಭಾರವನ್ನು ತೋಡು ಹೊರುತ್ತದೆ, ಸ್ಕ್ರೂಗಳು ಹಿಡಿದುಕೊಂಡರೆ ಸಾಕು. ತೊಡಕಿದ್ದದ್ದು ಆ ಸ್ಕ್ರೂಗಳಲ್ಲೇ. ಅಂಚಿನ ದಪ್ಪ ನಾಲ್ಕು ಮಿಲಿಮೀಟರ್. ಅದರಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ ಅಗಲದ ತೂತು ಕೊರೆದು ಒಳಗೆ ಮರೆ, ಅಂದರೆ ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರು, ಹಾಕಬೇಕು. ಅಂಥ ಸಣ್ಣ ಮರೆ ಹಾಕುವ ಟ್ಯಾಪುಗಳು ಪೀಣ್ಯದಲ್ಲಿ ಬೇರೆ ಯಾರ ಬಳಿಯೂ ಇರಲಿಕ್ಕಿಲ್ಲ. ಕಾರ್ಖಾನೆ ಹರಾಜಾದಾಗ ನಾನು ಒಂದು ಸೆಟ್ ಕೊಂಡುಕೊಂಡಿದ್ದೆ. ತೂತಿನೊಳಗೆ ಡ್ರಿಲ್ ಮುರಿದರೂ ಅಷ್ಟೇ, ಟ್ಯಾಪ್ ಮುರಿದರೂ ಅಷ್ಟೇ. ಗಟ್ಟಿ ಉಕ್ಕಿನ ಆ ಚೂರನ್ನು ಹೊರಗೆ ತೆಗೆಯಲು ಹೋದರೆ ಮುಚ್ಚಳವೇ ಪುಡಿಯಾಗುತ್ತದೆ.

ಇದನ್ನೆಲ್ಲ ಅವರಿಗೆ ಹೇಳಿದೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

“ಮುರುದ್ರೆ ಮುರೀತದೆ. ಯೋಳ್ಬುಟ್ಟು ಮುರಿ,” ಎಂದರು.

ಮಂಗಳವಾರ ಪೂರ್ತಿ ತೋಡು ಕೊರೆಯುವುದಕ್ಕೂ ಹಿತ್ತಾಳೆಯ ತುಂಡನ್ನು ಅದಕ್ಕೆ ಕೂಡಿಸುವುದಕ್ಕೂ ಹೋಯಿತು. ತೋಡನ್ನು ಲೇತ್ ಯಜಮಾನರು ತಮ್ಮ ಸಣ್ಣ ಮಿಲ್ಲಿಂಗ್ ಯಂತ್ರದಲ್ಲಿ ಹೊಡೆದುಕೊಟ್ಟರು. ಒಂದೊಂದು ಸಲಕ್ಕೆ ಕಾಗದದ ದಪ್ಪದಷ್ಟೇ ಇಳಿಸಿ, ಪ್ರತಿ ಸಲವೂ ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಮುಂದಿನದು. ಹಿತ್ತಾಳೆಯನ್ನು ನಾನು ಅರದಿಂದ ಉಜ್ಜಿದೆ. ತೋಡಿಗೆ ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಎರಡು ಸಲ ಉಜ್ಜುವುದು. ನಾಲ್ಕು ಗಂಟೆಗೆ ಅದು ಹೆಬ್ಬೆರಳ ಒತ್ತಡಕ್ಕೆ ಸರ್ರನೆ ಒಳಗೆ ಕೂತಿತು. ಅಲುಗಾಡಿಸಿದರೆ ಅಲುಗಲಿಲ್ಲ.

“ಈಗ ತೂತು ಕೊರೀತೀಯಾ?” ಎಂದು ಅವರು ಕೇಳಿದರು.

ಕೈ ಚಾಚಿ ತೋರಿಸಿದೆ. ಹೆಬ್ಬೆರಳು ನಡುಗುತ್ತಿತ್ತು. “ಸಾಯಂಕಾಲ ಆದ್ರೆ ಹಿಂಗಾಗುತ್ತೆ ಅಮ್ಮ. ನಿನ್ನೆ ಮುರಿದಿದ್ದೂ ಇದಕ್ಕೇ. ನಾಳೆ ಬೆಳಿಗ್ಗೆ ಮಾಡ್ತೀನಿ.”

ಅವರು ನನ್ನ ಕೈಯನ್ನು ಹಿಡಿದು ಹೆಬ್ಬೆರಳ ಬುಡವನ್ನು ಒತ್ತಿ ನೋಡಿದರು. ನಾನು ನೋವಿಗೆ ತುಟಿ ಕಚ್ಚಿದೆ. ಕೈ ಬಿಟ್ಟು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ಹೊರಟರು.

ಬುಧವಾರ ನಾನು ಬರುವ ಮೊದಲೇ ಅವರು ಬಂದಿದ್ದರು. ಲೇತ್ ಯಜಮಾನರು ಮೂರು ಯಂತ್ರಗಳನ್ನೂ ನಿಲ್ಲಿಸಿದರು; ನೆಲ ಅದುರಬಾರದೆಂದು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಯಂತ್ರವೊಂದು ಧಡ್ ಧಡ್ ಎನ್ನುತ್ತಿತ್ತು. ಯಜಮಾನರು ಅಲ್ಲಿಗೂ ಹೋಗಿ ಏನೋ ಹೇಳಿ ಬಂದರು. ಅದೂ ನಿಂತಿತು. ಬೆಳಗಿನ ಹತ್ತು ಗಂಟೆಗೆ ಪೀಣ್ಯದ ಆ ಬೀದಿಯಲ್ಲಿ ಅಷ್ಟು ಮೌನವನ್ನು ನಾನು ಹಿಂದೆ ಕೇಳಿರಲಿಲ್ಲ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೆ. ಡ್ರಿಲ್ಲನ್ನು ಬೆರಳಲ್ಲಿ ತಿರುಗಿಸುವ ಸಣ್ಣ ಹಿಡಿಕೆಗೆ ಹಾಕಿದೆ. ಮೋಟಾರಿನ ವೇಗ ನನಗೆ ಬೇಡವಾಗಿತ್ತು. ನಾಲ್ಕು ಸುತ್ತು, ಹೊರಗೆ ತೆಗೆದು ಪುಡಿ ಊದಿ, ಒಂದು ಹನಿ ಎಣ್ಣೆ. ಮತ್ತೆ ನಾಲ್ಕು ಸುತ್ತು. ಮೊದಲ ತೂತು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಡ್ರಿಲ್ ಕಚ್ಚಿಕೊಂಡಿತು.

ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಆ ಎಳೆಯಷ್ಟು ಉಕ್ಕು ಬಾಗುವುದು ಬೆರಳಿಗೆ ಗೊತ್ತಾಗುತ್ತಿತ್ತು. ಬಿಟ್ಟರೆ ಹಿಡಿಕೆಯ ಭಾರಕ್ಕೇ ಮುರಿಯುತ್ತದೆ. ಹಿಡಿದೇ ಇದ್ದರೆ ಬೆರಳು ಎಷ್ಟು ಹೊತ್ತು ತಡೆದೀತು?

“ಕಚ್ಕೊಂಡಿದೆ,” ಎಂದೆ, ಹೇಳಿಬಿಟ್ಟು ಮುರಿ ಎಂದು ಅವರು ಅಂದಿದ್ದರಿಂದ.

“ಏನ್ ಮಾಡ್ಲಿ?” ಎದುರಿನಿಂದ ಅವರ ದನಿ.

“ಹಿಡಿಕೆ ತುದಿ ಹಿಡ್ಕೊಳಿ ಅಮ್ಮ. ಎತ್ತಬೇಡಿ, ಒತ್ತಬೇಡಿ. ಅದು ಎಲ್ಲಿದ್ಯೋ ಅಲ್ಲೇ ಇರ್ಲಿ.”

ಎರಡು ಬೆರಳು ಭೂತಗನ್ನಡಿಯ ಅಂಚಿಗೆ ಬಂದವು. ಚರ್ಮ ಒರಟು, ಉಗುರಿನ ಸಂದಿಯಲ್ಲಿ ಅರಿಸಿನ. ಹಿಡಿಕೆಯನ್ನು ಹಿಡಿದವು, ಒಂದು ಚೂರೂ ಅಲುಗಲಿಲ್ಲ. ನಾನು ನನ್ನ ಕೈ ಬಿಡಿಸಿಕೊಂಡು ಸೂಜಿಯ ತುದಿಯಿಂದ ತೂತಿಗೆ ಎಣ್ಣೆ ಬಿಟ್ಟೆ. ಕಾದೆ. ಇನ್ನೊಂದು ಹನಿ. ಹೆಬ್ಬೆರಳನ್ನು ಮಡಿಚಿ ಬಿಚ್ಚಿ ಸಡಿಲ ಮಾಡಿಕೊಂಡು ಮತ್ತೆ ಹಿಡಿಕೆ ಹಿಡಿದು ಎಡಕ್ಕೆ ಒಂದಿಷ್ಟೇ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಂದಿಷ್ಟು. ಕರ್ ಎಂದು ಸಡಿಲವಾಗಿ ಮೇಲೆ ಬಂತು. ತುದಿ ಪೂರ್ತಿಯಾಗಿತ್ತು. ಮುರಿದಿರಲಿಲ್ಲ.

ಯಾರೋ ಜೋರಾಗಿ ಉಸಿರು ಬಿಟ್ಟರು. ಲೇತ್ ಯಜಮಾನರು. ಅವರು ನನ್ನ ಬೆನ್ನ ಹಿಂದೆ ನಿಂತಿದ್ದೇ ನನಗೆ ಗೊತ್ತಿರಲಿಲ್ಲ.

ಟ್ಯಾಪ್ ಹಾಕಿ ಮರೆ ಮಾಡುವುದಕ್ಕೆ ಮತ್ತೊಂದು ಗಂಟೆ. ಎರಡು ಸ್ಕ್ರೂಗಳೂ ಕೂತವು. ಹೊಸ ಗ್ಯಾಸ್ಕೆಟ್ ಕತ್ತರಿಸಿ, ಮುಚ್ಚಳ ಹಾಕಿ, ನಾಲ್ಕು ಕಿವಿಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಮೂರು ಕಪ್ಪು, ಒಂದು ಹಳದಿ.

ಮಧ್ಯಾಹ್ನ ಸ್ಕೂಟರಿನಲ್ಲಿ ಲೇತ್ ಯಜಮಾನರೂ ನಾನೂ, ಬಸ್ಸಿನಲ್ಲಿ ಅವರು, ಅವರ ಹಳ್ಳಿಗೆ ಹೋದೆವು. ಮನೆಯ ಸುತ್ತ ಬಾಡಿಗೆಯ ಕೋಣೆಗಳ ಸಾಲು, ಪ್ರತಿ ಬಾಗಿಲ ಮುಂದೂ ಕಾರ್ಖಾನೆಗೆ ಹೋಗುವವರ ಬಟ್ಟೆಗಳು ಒಣಗುತ್ತಿದ್ದವು. ಕಾರು ತಗಡಿನ ಚಪ್ಪರದ ಕೆಳಗಿತ್ತು. ದೊಡ್ಡ ಮಗ, ನಲವತ್ತೈದರ ಮನುಷ್ಯ, ಕೈಕಟ್ಟಿಕೊಂಡು ನಿಂತಿದ್ದ.

“ಮೇಡಂ, ಸುಮ್ನೆ ಯಾಕ್ ಕಷ್ಟ ಪಡ್ತೀರಿ? ದಾರೀಲಿ ಬೆಂಕಿ ಹತ್ಕೊಂಡ್ರೆ ಯಾರು ಜವಾಬ್ದಾರಿ? ಒಳಗೆ ಕೂತಿರೋದು ನಮ್ಮಮ್ಮ,” ಎಂದ.

ಅವನ ಮಾತಿನಲ್ಲಿ ಪಾರ್ಟಿ ಹಾಲ್‌ನ ಯೋಚನೆ ಮಾತ್ರ ಇತ್ತೆಂದು ನಾನು ತಿಳಿದಿದ್ದೆ. ಭಯವೂ ಇತ್ತು. ಆ ಭಯ ನನಗೂ ಇತ್ತು.

“ನಾನು ಪಕ್ಕದಲ್ಲೇ ಕೂತಿರ್ತೀನಿ,” ಎಂದೆ.

ಕಾರ್ಬೊರೇಟರ್ ಕೂರಿಸಿ ಪೆಟ್ರೋಲ್ ಬಿಟ್ಟೆವು. ಒದ್ದೆ ಗೋಣಿಚೀಲವೊಂದನ್ನು ಕಾಲ ಬಳಿ ಇಟ್ಟುಕೊಂಡೆ. ಹಿತ್ತಾಳೆಯ ಕಿವಿಯ ಬುಡಕ್ಕೆ ಬಿಳಿ ಕಾಗದ ಒತ್ತಿ ಹಿಡಿದು ನೋಡಿದೆ. ಒದ್ದೆಯಾಗಲಿಲ್ಲ. ಆದರೆ ಕಾರಿನ ಕೆಳಗೆ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು. ಪೆಟ್ರೋಲ್ ಕೊಳವೆ ಬಂದು ಸೇರುವ ಜಾಗದ ವಾಷರ್ ಹಳತಾಗಿತ್ತು; ಅದನ್ನು ಬದಲಿಸಿದೆ. ಅವರು ಸ್ಟೀರಿಂಗ್ ಮುಂದೆ ಕೂತು ಚೋಕ್ ಎಳೆದು ಸ್ಟಾರ್ಟರ್ ಒತ್ತಿದರು. ಒಂದು ಸಲ, ಎರಡು ಸಲ. ಮೂರನೆಯ ಸಲ ಢಬ್ ಎಂದು ಕಾರ್ಬೊರೇಟರಿನ ಬಾಯಿಂದ ಕೆಂಪು ಜ್ವಾಲೆ ಒಂದು ಗೇಣು ಎದ್ದಿತು.

ಗೋಣಿಚೀಲ ಯಾವಾಗ ಎತ್ತಿದೆನೋ ಗೊತ್ತಿಲ್ಲ. ಅದುಮಿ ಹಿಡಿದಿದ್ದೆ. ಮಗ, “ಇಳಿ ಅಮ್ಮ! ಮೊದ್ಲು ಇಳಿ!” ಎಂದು ಕಿರುಚುತ್ತ ಬಾಗಿಲು ಎಳೆಯುತ್ತಿದ್ದ. ಅವರು ಒಳಗಿನಿಂದ ಬಾಗಿಲನ್ನು ಹಿಡಿದುಕೊಂಡಿದ್ದರು.

ಚೀಲ ತೆಗೆದು ಹಿತ್ತಾಳೆಯ ಕಿವಿಯನ್ನು ಮುಟ್ಟಿದೆ. ಬಿಸಿ, ಆದರೆ ಗಟ್ಟಿ, ಒಣ. ಬೆಂಕಿ ಬಂದದ್ದು ಸೋರಿಕೆಯಿಂದಲ್ಲ. ಇಂಜಿನ್ನಿನೊಳಗಿನ ಕಿಡಿ ಸಮಯಕ್ಕೆ ಮುಂಚೆಯೇ ಬಿದ್ದದ್ದರಿಂದ ಇಂಜಿನ್ ಹಿಮ್ಮುಖವಾಗಿ ಕಾರ್ಬೊರೇಟರಿನತ್ತ ಸೀನಿತ್ತು. ಅದನ್ನು ಲೇತ್ ಯಜಮಾನರು ಹತ್ತು ನಿಮಿಷದಲ್ಲಿ ಸರಿಪಡಿಸಿದರು. ಮಗನಿಗೆ ವಿವರಿಸಿ ಹೇಳಿದೆ. ಅವನು ಕೇಳಿಸಿಕೊಂಡ, ನಂಬಲಿಲ್ಲ.

ಮುಂದಿನ ಸಲ ಒತ್ತಿದಾಗ ಇಂಜಿನ್ ಸ್ಟಾರ್ಟ್ ಆಯಿತು. ಮೊದಲು ಕೆಮ್ಮು, ಆಮೇಲೆ ಒಂದೇ ಸಮನೆ. ಬಾಡಿಗೆ ಕೋಣೆಗಳಿಂದ ಹೆಂಗಸರು ಹೊರಗೆ ಬಂದು ನೋಡಿದರು.

ಗುರುವಾರ ಬೆಳಿಗ್ಗೆ ಆರ್‌ಟಿಒ ಮೈದಾನದಲ್ಲಿ ಇಪ್ಪತ್ತು ಗಾಡಿಗಳ ಸಾಲು. ತುಮಕೂರು ರಸ್ತೆಯ ಲಾರಿಗಳ ನಡುವೆ ಅವರು ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು ಓಡಿಸಿಕೊಂಡು ಬಂದಿದ್ದರು. ನಾನು ಪಕ್ಕದಲ್ಲಿ, ಕಾಲ ಬಳಿ ಅದೇ ಗೋಣಿಚೀಲ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಇಂಜಿನ್ ಕಾದು ತಾನಾಗಿಯೇ ನಿಂತುಹೋಯಿತು. ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದರು.

“ಸ್ಟಾರ್ಟ್ ಮಾಡಿ.”

ಒತ್ತಿದರು. ಬರಲಿಲ್ಲ. ಮತ್ತೆ. ಬರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

“ಚೋಕ್ ಬೇಡ ಅಮ್ಮ,” ಎಂದು ಪಿಸುಗುಟ್ಟಿದೆ. “ಆಕ್ಸಿಲೇಟರ್ ಪೂರ್ತಿ ತುಳಿದು ಹಿಡ್ಕೊಳಿ. ಈಗ ಒತ್ತಿ.”

ನಾಲ್ಕನೆಯ ಸಲಕ್ಕೆ ಬಂತು. ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿದರು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿಕೊಂಡರು. ಅವರ ಕಣ್ಣು ಹಳದಿ ತುಂಡಿನ ಮೇಲೆ ನಿಂತಿತು.

“ಇದೇನು? ಯಾರು ಮಾಡಿದ್ದು?”

“ನಾನು ಸಾರ್. ರಿಪೇರಿ ಮಾಡುವಾಗ ಕಿವಿ ನನ್ನ ಕೈಲೇ ಮುರೀತು. ಹಿತ್ತಾಳೇಲಿ ಮಾಡಿ ಹಾಕಿದೀನಿ.”

ಅವರು ನನ್ನನ್ನು ನೋಡಿದರು. ಆಮೇಲೆ ಓಡುತ್ತಿದ್ದ ಇಂಜಿನ್ ಮೇಲೆ ಬಾಗಿ ಆ ತುಂಡಿನ ಸುತ್ತ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದು ಮೂಸಿದರು. ಮತ್ತೊಮ್ಮೆ ಆಡಿಸಿ ಮತ್ತೊಮ್ಮೆ ಮೂಸಿದರು.

“ಹೂಂ. ಲೈಟ್ ಹಾಕಿ. ಹಾರ್ನ್ ಹೊಡೀರಿ,” ಎಂದು ಮುಂದಕ್ಕೆ ಹೋದರು. ಅರ್ಧ ಗಂಟೆಯಲ್ಲಿ ಸಹಿ ಬಿತ್ತು.

ವಾಪಸ್ಸು ಬರುವಾಗ ನನ್ನನ್ನು ಶೆಡ್ಡಿನ ಬಳಿಯೇ ಇಳಿಸುತ್ತೇನೆಂದರು. ಸಿಗ್ನಲ್ಲಿನಲ್ಲಿ ನಿಂತಾಗ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದರು:

“ಅವತ್ತು ಫೋನಲ್ಲಿ ನೀನು ಎಲ್ಲಾ ಸರೀಗೈತೆ ಅಂದ್ಯಲ್ಲ, ಆವಾಗ್ಲೇ ನಂಗೆ ಗೊತ್ತಾಯ್ತು. ದನೀಲೇ ಗೊತ್ತಾಗೋಯ್ತು. ಗಾಡೀಲಿ ಎಷ್ಟ್ ಜನನ ಆಸ್ಪತ್ರೆಗೆ ಕರ್ಕಂಡೋಗಿವ್ನಿ. ನೋವಿಲ್ಲ, ನೋವಿಲ್ಲ ಅನ್ನೋರ ದನಿ ನಂಗ್ ಗೊತ್ತು.”

“ಮತ್ತೆ ಬಂದಾಗ ಯಾಕೆ ಬೈಲಿಲ್ಲ?”

“ಬೈದಿದ್ರೆ ನಿನ್ ಕೈ ಇನ್ನೂ ನಡುಗ್ತಿತ್ತು. ಗಾಡಿ ನಂದು ತಾನೇ?”

ಸಿಗ್ನಲ್ ಬಿಟ್ಟಿತು. ಗೇರ್ ಹಾಕುವಾಗ ಕರ್ ಎಂದಿತು. “ಇನ್ನೊಂದ್ಸಲ ನಂಗೆ ಸುಳ್ಳು ಯೋಳ್ಬೇಡ,” ಎಂದರು. ಇಲ್ಲ ಎಂದೆ.

ದೊಡ್ಡ ಮಗ ಪಾರ್ಟಿ ಹಾಲ್ ಮುಂದೆ ಈಗ ಬಣ್ಣ ಬಳಿದ ಎತ್ತಿನಗಾಡಿ ನಿಲ್ಲಿಸಿದ್ದಾನೆ. ಬಂದವರು ಅದರ ಪಕ್ಕದಲ್ಲೇ ಫೋಟೋ ತೆಗೆಸಿಕೊಳ್ಳುತ್ತಾರೆ. ಕಾರು ಚಪ್ಪರದ ಕೆಳಗೇ ಇದೆ. ಭಾನುವಾರ ಬೆಳಿಗ್ಗೆ ಅವರು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಓಡಿಸುತ್ತಾರೆ. ಹಿತ್ತಾಳೆಯ ಕಿವಿ ಈವರೆಗೂ ಹಿಡಿದಿದೆ. ಎರಡು ಮೂರು ತಿಂಗಳಿಗೊಮ್ಮೆ ನಾನು ಹೋಗಿ ಅದರ ಬುಡಕ್ಕೆ ಬಿಳಿ ಕಾಗದ ಒತ್ತಿ ನೋಡಿ ಬರುತ್ತೇನೆ. ಅವರು ಕರೆಯುವುದಿಲ್ಲ, ನಾನೇ ಹೋಗುತ್ತೇನೆ.